ಕೆಂಗೇರಿ ಕೆರೆಯ ಬಾಳೆಮೀನು, ನಮ್ಮವ್ವನ ಬಿಂದಿಗೆ

ಸುಮ್ಮನೆ ಕೂರುವುದು ನನ್ನ ಹಣೆಯಲ್ಲೇ ಬರೆದಿರಲಿಲ್ಲ. ಚಿಕ್ಕಂದಿನಲ್ಲಿ ತಲೆ ಬಾಚುವಾಗ ನಮ್ಮವ್ವ ನನ್ನನ್ನು ತನ್ನೆರಡು ಮಂಡಿಗಳ ನಡುವೆ ಒತ್ತಿ ಹಿಡಿದುಕೊಳ್ಳುತ್ತಿದ್ದಳು. ಇಲ್ಲದಿದ್ದರೆ ಅರ್ಧ ಜಡೆಯಲ್ಲೇ ಬೀದಿಗೆ ಓಡುತ್ತಿದ್ದೆ. ಅಂಥವಳನ್ನು ರಾಜಾಜಿನಗರದ ಒಂದು ಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ಸದ್ದು ಮಾಡಕೂಡದು ಎಂದರು. ಹಾಗೆ ಹೇಳಿದವರು ನಮ್ಮತ್ತೆ. ಕಾರಣ, ನನ್ನ ಹೊಟ್ಟೆಯಲ್ಲಿದ್ದ ಮಗು.

ಐವತ್ತರ ದಶಕದ ಮೊದಲ ವರ್ಷಗಳು. ಆಗ ರಾಜಾಜಿನಗರ ಅತ್ತ ಊರೂ ಅಲ್ಲ, ಇತ್ತ ಪೇಟೆಯೂ ಅಲ್ಲ. ಸುಣ್ಣದ ಗೆರೆ ಎಳೆದ ಸೈಟುಗಳು, ಅರ್ಧ ಎದ್ದು ನಿಂತ ಗೋಡೆಗಳು, ಕೆಂಪು ಧೂಳು, ನಡುನಡುವೆ ಯಾರ ಮಾತೂ ಕೇಳದೆ ಮಲಗಿದ್ದ ಕರಿಬಂಡೆಗಳು. ನಮ್ಮ ಯಜಮಾನರು ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದರು. ಮನೆಯಲ್ಲಿ ನಾವಿಬ್ಬರು, ಅತ್ತೆ, ಅಷ್ಟೇ.

ಹಿಂದಿನ ವರ್ಷ ಮೊದಲ ಸಲ ಬಸುರಾಗಿದ್ದೆ. ಆರು ತಿಂಗಳು ನಡೆಯುತ್ತಿದ್ದಾಗ ನಮ್ಮ ಹಿಂದಿನ ಬೀದಿಯಲ್ಲಿ ರಸ್ತೆ ಮಾಡಲೆಂದು ಬಂಡೆಗೆ ಮದ್ದಿಟ್ಟು ಸಿಡಿಸಿದರು. ಗೂಡಿನಲ್ಲಿದ್ದ ಕನ್ನಡಿ ಬಿದ್ದು ಒಡೆಯಿತು. ಅದೇ ವಾರ ನನ್ನ ಹೊಟ್ಟೆಯೊಳಗಿನ ಮಿಸುಕಾಟ ನಿಂತಿತು. ಆಮೇಲೆ ಆಗಿದ್ದನ್ನು ನಾನು ಬರೆಯುವುದಿಲ್ಲ. ಆ ಮಗು ಉಳಿಯಲಿಲ್ಲ ಎಂದರೆ ಸಾಕು. ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ, ಬಂಡೆ ಸಿಡಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ನಮ್ಮತ್ತೆಯನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಅತ್ತೆ ಎಲ್ಲಕ್ಕೂ ತಲೆಯಾಡಿಸಿದರು. ಒಂದನ್ನೂ ನಂಬಲಿಲ್ಲ.

ಹಾಗಾಗಿ ಎರಡನೆಯ ಸಲ ಬಸುರಾಗಿದ್ದೇ ತಡ, ಮನೆಗೆ ಬೀಗ ಹಾಕಿದ ಹಾಗೆ ಸದ್ದಿಗೆ ಬೀಗ ಬಿತ್ತು. ನಮ್ಮ ಒರಳಿಗೆ ಗೋಣಿಚೀಲ ಹೊದಿಸಿದರು. ಮಸಾಲೆ ರುಬ್ಬಬೇಕೆಂದರೆ ಅತ್ತೆ ಕಾಯಿ, ಮೆಣಸಿನಕಾಯಿ ಸೆರಗಿನಲ್ಲಿ ಕಟ್ಟಿಕೊಂಡು ಮೂರನೆಯ ಮನೆಗೆ ಹೋಗಿ ರುಬ್ಬಿಕೊಂಡು ಬರುತ್ತಿದ್ದರು. ಯಜಮಾನರ ಸೈಕಲ್ಲಿನ ಗಂಟೆ ಬಿಚ್ಚಿಟ್ಟರು. ಸೊಪ್ಪಿನವಳು ಬಾಯಿ ತೆರೆಯುವ ಮೊದಲೇ ಇವರು ಬೀದಿಗೆ ಓಡಿ ತುಟಿಯ ಮೇಲೆ ಬೆರಳಿಟ್ಟು ನಿಲ್ಲುತ್ತಿದ್ದರು. ಪಾಪ, ಆಕೆ ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದುಕೊಂಡು ನಾಲ್ಕು ದಿನ ನಮ್ಮ ಬೀದಿಗೇ ಬರಲಿಲ್ಲ. ನಾನು ಬಚ್ಚಲಲ್ಲಿ ಚೊಂಬು ಕೆಳಗಿಟ್ಟರೂ ಒಳಗಿನಿಂದ ‘ಶ್’ ಎಂದು ಕೇಳಿಸುತ್ತಿತ್ತು. ಮನೆಯೊಳಗಿಂದ ಹಿತ್ತಿಲಿಗೆ, ಹಿತ್ತಿಲಿಂದ ಮನೆಯೊಳಕ್ಕೆ ನಾನು ಓಡಾಡುವುದನ್ನು ಕಂಡು ಅತ್ತೆ ಪಿಸುಮಾತಿನಲ್ಲಿ, “ಯಾಕಮ್ಮಿ ಅಂಡು ಸುಟ್ಟ ಬೆಕ್ಕಿನಂಗೆ ಸುತ್ತುತೀಯ, ಒಂದ್ ಕಡೆ ಕೂತ್ಕೊ” ಎನ್ನುತ್ತಿದ್ದರು. ಕೂತರೆ ತಾನೇ ಕಷ್ಟ. ಕೂತ ಕೂಡಲೇ ನನ್ನ ಜೀವವೆಲ್ಲ ಹೊಟ್ಟೆಯ ಕಡೆಗೆ ತಿರುಗಿ, ಅಲ್ಲಿ ಏನಾದರೂ ಅಲುಗಿತೇ ಎಂದು ಕಾಯುತ್ತಿತ್ತು.

ಐದನೆಯ ತಿಂಗಳಲ್ಲಿ ಅಲುಗಾಟ ಶುರುವಾಗಿತ್ತು. ಸಣ್ಣಗೆ, ಒಳಗೆ ಯಾರೋ ಬೆರಳಿಂದ ತಟ್ಟಿದ ಹಾಗೆ. ಆರನೆಯ ತಿಂಗಳಿಗೆ ಜೋರಾಗಬೇಕಾದದ್ದು ಕಡಿಮೆಯಾಯಿತು. ಒಂದು ದಿನ ಬೆಳಗಿನಿಂದ ರಾತ್ರಿಯವರೆಗೆ ಏನೂ ಇಲ್ಲ. ಮಾರನೆಯ ದಿನವೂ ಇಲ್ಲ. ಅತ್ತೆಗೆ ಹೇಳಿದರೆ ಉಸಿರಾಡಲೂ ಬಿಡುವುದಿಲ್ಲ ಎಂದು ಯಜಮಾನರಿಗೆ ಮಾತ್ರ ಹೇಳಿದೆ. ಕೆಲಸಕ್ಕೆ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಡಾಕ್ಟರಮ್ಮ ಮರದ ಕೊಳವೆಯನ್ನು ಹೊಟ್ಟೆಯ ಮೇಲಿಟ್ಟು, ಅದಕ್ಕೆ ಕಿವಿ ಕೊಟ್ಟು ಬಹಳ ಹೊತ್ತು ಬಗ್ಗಿ ನಿಂತರು. “ಇದೆ. ಆದ್ರೆ ನೀನು ಸೊರಗಿ ಹೋಗಿದ್ದೀಯ. ಏನ್ ತಿಂತೀಯ?” ಎಂದರು. ನಾನು ತಿಂದದ್ದೆಲ್ಲ ಹೊರಗೆ ಬರುತ್ತಿತ್ತು. “ಯಾವುದು ಹೊಟ್ಟೆಯಲ್ಲಿ ನಿಲ್ಲುತ್ತೋ ಅದನ್ನ ತಿನ್ನು. ಸೋಮವಾರ ಬಾ, ಮತ್ತೆ ನೋಡೋಣ” ಎಂದು ಕಳಿಸಿದರು. ಇದೆ ಎಂದು ಅವರಿಗೆ ಕೇಳಿಸಿತು, ಸರಿ. ನನಗೆ ಕೇಳಿಸಲಿಲ್ಲವಲ್ಲ. ಹಿಂದಿನ ಸಲವೂ ಯಾರೋ ಒಬ್ಬರು ಇದೆ ಎಂದೇ ಹೇಳಿದ್ದರು.

ಯಾವುದು ನಿಲ್ಲುತ್ತದೆ ಎಂದರೆ ನನಗೆ ನೆನಪಾಗುತ್ತಿದ್ದದ್ದು ಒಂದೇ, ಕೆಂಗೇರಿ ಕೆರೆಯ ಬಾಳೆಮೀನಿನ ಸಾರು. ಕೆಂಗೇರಿ ನನ್ನ ತವರು. ಬಾಳೆಮೀನು ಎಂದರೆ ಮೈಮೇಲೆ ಹುರುಪೆಯಿಲ್ಲದ, ಅಗಲ ಬಾಯಿಯ, ಮೂತಿಯ ಎರಡು ಕಡೆಗೂ ಉದ್ದ ಮೀಸೆ ಬಿಟ್ಟ ಮೀನು. ನೋಡಲು ಚೆಂದವಿಲ್ಲ, ತಿಂದವರಿಗೆ ಗೊತ್ತು. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬ ಮಾತು ನಮ್ಮ ಕಡೆ ಇದೆ. ಅತ್ತೆಗೆ ಅದರ ಹೆದರಿಕೆ ಬೇರೆ. ಆಸ್ಪತ್ರೆಗೆ ಹೋಗುವ ಮೊದಲೇ ಅವರು ಮಗನನ್ನು ಅಟ್ಟಿ ಮಾರ್ಕೆಟ್ಟಿನಿಂದ ಸಮುದ್ರದ ಮೀನು ತರಿಸಿದ್ದರು. ಅದರ ವಾಸನೆ ಬಾಗಿಲಲ್ಲಿರುವಾಗಲೇ ನಾನು ಬಚ್ಚಲಿಗೆ ಓಡಿದ್ದೆ. ಆಮೇಲೆ ಒಂದು ಭಾನುವಾರ ಯಜಮಾನರು ಕೆಂಗೇರಿಗೇ ಹೋಗಿ ನಮ್ಮಣ್ಣನ ಜೊತೆ ಸಂಜೆಯವರೆಗೆ ಗಾಳ ಹಾಕಿ ಕೂತು, ಬಿಸಿಲಿಗೆ ಮೂಗು ಸುಟ್ಟುಕೊಂಡು ಬರಿಗೈಯಲ್ಲಿ ಬಂದಿದ್ದರು.

“ಕೆರೇಲಿ ಮೀನೇ ಇಲ್ವಂತೆ ಕಣೇ. ನಿಮ್ಮಣ್ಣ ಎರಡು ತಿಂಗಳಿಂದ ಒಂದೂ ಹಿಡಿದಿಲ್ಲ” ಎಂದಿದ್ದರು.

ನಮ್ಮ ಕೆರೆಯಲ್ಲಿ ಮೀನಿಲ್ಲ ಎಂದರೆ ನಾನು ನಂಬುವವಳಲ್ಲ. ಆಸ್ಪತ್ರೆಯಿಂದ ಬಂದ ಮೇಲಿನ ಭಾನುವಾರ ನಾನೂ ಬರುತ್ತೇನೆ ಎಂದು ಹಟ ಹಿಡಿದೆ. ಯಜಮಾನರು ತಾಯಿಯ ಹತ್ತಿರ ನಮ್ಮವ್ವನಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿದರು. ಅತ್ತೆ ಜಟಕಾದವನ ಬಳಿ ಹೋಗಿ, ಕುದುರೆಗೆ ಚಾಟಿಯ ಸದ್ದು ಕೂಡ ಕೇಳಿಸಬೇಡ ಎಂದು ಹೇಳಿ ಕಳಿಸಿಕೊಟ್ಟರು. ಸಿಟಿ ಸ್ಟೇಷನ್ನಿನಲ್ಲಿ ಮೈಸೂರು ಕಡೆಯ ರೈಲು ಹತ್ತಿದೆವು. ದಾರಿಯುದ್ದಕ್ಕೂ ಗಡಗಡ ಎನ್ನುತ್ತಿದ್ದ ಡಬ್ಬಿಯಲ್ಲಿ ನಾನು ಎರಡು ಕೈಯನ್ನೂ ಹೊಟ್ಟೆಯ ಮೇಲಿಟ್ಟುಕೊಂಡು ಕೂತಿದ್ದೆ. ಒಳಗೆ ಏನೂ ಇಲ್ಲ. ಎದುರಿಗೆ ಕೂತ ಹೆಂಗಸು “ಎಷ್ಟು ತಿಂಗಳು?” ಎಂದು ನಕ್ಕಳು. ನನಗೆ ಅವಳ ಮೇಲೆ ಸುಮ್ಮಸುಮ್ಮನೆ ಕೋಪ ಬಂತು, ಮುಖ ಕಿಟಕಿಗೆ ತಿರುಗಿಸಿದೆ. ಹೊರಗೆ ವೃಷಭಾವತಿ ಹರಿಯುತ್ತಿತ್ತು. ಆಗ ಅದರ ತಳದ ಮರಳು ಕಾಣುತ್ತಿತ್ತು, ದನ ಕುಡಿಯುತ್ತಿದ್ದವು, ನಾವೂ ಕುಡಿಯುತ್ತಿದ್ದೆವು. ಇವತ್ತು ಹೇಳಿದರೆ ನನ್ನ ಮೊಮ್ಮಕ್ಕಳು ಅಜ್ಜಿ ಕಥೆ ಕಟ್ಟುತ್ತಾಳೆ ಎನ್ನುತ್ತಾರೆ.

ತವರಿಗೆ ಹೋಗಿ ನೀರು ಕುಡಿದವಳೇ ಕೆರೆಯ ಕಡೆ ಹೊರಟೆ. ಅವ್ವ ಹಿಂದೆಯೇ ಬಂದಳು, ಸೊಂಟದಲ್ಲಿ ಖಾಲಿ ಬಿಂದಿಗೆ. ಯಜಮಾನರು ಗಾಳದ ಬಿದಿರುಕಡ್ಡಿ ಹಿಡಿದು ಮುಂದೆ ನಡೆದರು.

ಏರಿಯ ಕೆಳಗೆ ಅಣ್ಣನೂ ಇನ್ನು ಮೂವರು ಗಂಡಸರೂ ಸಾಲಾಗಿ ಕೂತಿದ್ದರು. ಪರೀಕ್ಷೆ ಬರೆಯುವವರ ಹಾಗೆ ಮುಖ ಗಂಟು ಹಾಕಿಕೊಂಡು, ನೀರಿನ ಮೇಲೆ ತೇಲುವ ಬೆಂಡನ್ನು ನೋಡುತ್ತ. ನಾನು “ಅಣ್ಣಾ” ಎಂದೆನೋ ಇಲ್ಲವೋ, ನಾಲ್ಕು ತಲೆಗಳೂ ಒಟ್ಟಿಗೆ ತಿರುಗಿ “ಶ್!” ಎಂದವು.

ಮನೆಯಲ್ಲೂ ಶ್, ಕೆರೆಯಲ್ಲೂ ಶ್. ನನಗೆ ಮೈಯೆಲ್ಲ ಉರಿಯಿತು.

ಆಗಲೇ ನನ್ನ ಕಣ್ಣು ಮೆಟ್ಟಿಲ ಕಡೆ ಹೋಯಿತು. ನಮ್ಮ ಕೆರೆಗೆ ಕಲ್ಲಿನ ಮೆಟ್ಟಿಲುಗಳಿದ್ದವು. ನಾನು ಕಂಡಾಗಿನಿಂದ ಬೆಳಗ್ಗೆ ಹೆಂಗಸರು ಅಲ್ಲಿ ಪಾತ್ರೆ ಬೆಳಗದೆ, ಬಿಂದಿಗೆ ತುಂಬದೆ ಇದ್ದ ದಿನವಿರಲಿಲ್ಲ. ಈಗ ಅಲ್ಲಿ ಒಬ್ಬರೂ ಇಲ್ಲ. ಕಲ್ಲಿನ ಮೇಲೆ ಬೂದಿಯ ಕಲೆ ಕೂಡ ಇಲ್ಲ, ಪಾಚಿ ಹಿಡಿದಿತ್ತು.

“ಹೆಂಗಸರೆಲ್ಲ ಎಲ್ಲಿ ಹೋದ್ರು?” ಎಂದು ಕೇಳಿದೆ.

ಅಣ್ಣ ಎದ್ದು ಹತ್ತಿರ ಬಂದು ಪಿಸುಗುಟ್ಟಿದ. “ತೋಪಿನ ಬಾವಿ ತಾವ ಹೋಗ್ರಮ್ಮ ಅಂತ ನಾವೇ ಯೋಳಿದ್ವಿ. ಬೆಳಗಾಗೆದ್ದು ಇವರ ಕಡಗ ಬಳೆ, ಪಾತ್ರೆ ಸದ್ದು, ಬಾಯಿ. ಮೀನು ಬಂದಾತಾ? ಈಸಲ ಮೀನು ಕಮ್ಮಿ ಅಂತ ಸದ್ದೇ ನಿಲ್ಲಿಸ್ಬುಟ್ವಿ.”

“ನಿಲ್ಲಿಸಿದ ಮ್ಯಾಲೆ ಎಷ್ಟು ಸಿಕ್ತು?”

ಅಣ್ಣ ಬೆಂಡಿನ ಕಡೆ ತಿರುಗಿದ. ಅವ್ವ ಮಾತಾಡಿದಳು. “ಮೊದಲು ವಾರಕ್ಕೊಂದಾದ್ರೂ ಸಿಕ್ಕೋದು. ಈಗ ಅದೂ ಇಲ್ಲ. ನಾವು ನೀರು ಹೊತ್ತು ಹೊತ್ತು ಸೊಂಟ ಮುರಕೊಂಡಿದ್ದೇ ಬಂತು.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೀನು ಹಿಡಿಯಲಾರದ ಇವರು ಹೆಂಗಸರ ಬಳೆ ಡೊಂಕು ಎಂದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಏಕೆಂದರೆ ಆ ಮೆಟ್ಟಿಲ ಮೇಲೆ ಪಾತ್ರೆ ಬೆಳಗಿಯೇ ನಾನು ಬೆಳೆದದ್ದು. ಮುದ್ದೆ ಮಾಡಿದ ಮಡಕೆಯ ತಳ ಹಿಡಿದ ಸೀಕಲು, ಅನ್ನದ ಅಗುಳು, ಎಲ್ಲವೂ ಅಲ್ಲೇ ನೀರಿಗೆ ಬೀಳುತ್ತಿತ್ತು. ಪಾತ್ರೆಯಾದ ಮೇಲೆ ಬಿಂದಿಗೆ. ಖಾಲಿ ಬಿಂದಿಗೆಯನ್ನು ಬೋರಲು ಹಿಡಿದು ನೀರಿಗೆ ಒತ್ತಿ, ಒಳಗೆ ಹೋದ ಮೇಲೆ ಸ್ವಲ್ಪ ಓರೆ ಮಾಡಿದರೆ ಅದರ ಹೊಟ್ಟೆಯ ಗಾಳಿಯೆಲ್ಲ ಒಮ್ಮೆಗೇ ‘ಗುಳುಂ’ ಎಂದು ಮೇಲೆ ಬರುತ್ತದೆ. ನಮಗೆ ಅದು ಆಟ. ಹಾಗೆ ನಾಲ್ಕು ಸಲ ಗುಳುಂ ಅನ್ನಿಸಿದರೆ ಕಾಲಿನ ಹತ್ತಿರ ನೀರು ಕದಡುತ್ತಿತ್ತು, ಮೀಸೆ ಹಿಮ್ಮಡಿಗೆ ತಾಕುತ್ತಿತ್ತು, ನಾವು ಕಿರುಚಿಕೊಂಡು ಮೆಟ್ಟಿಲು ಹತ್ತುತ್ತಿದ್ದೆವು. ಮೀನಿಗೆ ಕಿವಿ ಎಲ್ಲಿರುತ್ತದೋ ನಾನು ಕಂಡಿಲ್ಲ. ಆದರೆ ಆ ಸದ್ದಾದರೆ ಊಟ ಬಂತು ಎಂಬುದು ಕೆಂಗೇರಿಯ ಬಾಳೆಮೀನಿಗೆ ಚೆನ್ನಾಗಿ ಗೊತ್ತಿತ್ತು.

ಅವ್ವನ ಸೊಂಟದಿಂದ ಬಿಂದಿಗೆ ಕಿತ್ತುಕೊಂಡೆ.

“ಬ್ಯಾಡ ಕಣಮ್ಮಿ, ಬಸುರಿ ಕೆರೆಗಿಳಿಬಾರ್ದು” ಎಂದ ಅಣ್ಣ.

“ಬಸುರಿ ಬಾಯಿಗೆ ಮೀನು ತರೋಕಾಗ್ದೋರು ಶಾಸ್ತ್ರ ಹೇಳ್ಬೇಡಿ” ಎಂದೆ.

ಯಜಮಾನರು ಒಮ್ಮೆ ಅಣ್ಣನನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. “ಪಾಚಿ ಐತೆ, ಜಾರುತ್ತೆ ಕಣೇ” ಎಂದಷ್ಟೇ ಹೇಳಿ, ಕೈ ಹಿಡಿದು ಎರಡನೆಯ ಮೆಟ್ಟಿಲವರೆಗೆ ಇಳಿಸಿದರು. ಅಲ್ಲಿ ಕೂರಿಸಿ, ತಾವು ನಾಲ್ಕು ಮಾರು ಆಚೆ ಗಾಳ ಬಿಟ್ಟರು. ನೀರು ಕೂತವಳ ಸೊಂಟದವರೆಗೆ ತಣ್ಣಗೆ ಬಂತು. ಬಿಂದಿಗೆ ಜಾರದಿರಲೆಂದು ಹೊಟ್ಟೆಗೆ ಒತ್ತಿ ಹಿಡಿದು ಬೋರಲು ಮುಳುಗಿಸಿದೆ.

ಗುಳುಂ.

ಏರಿಯ ಕೆಳಗಿದ್ದ ಗಂಡಸರು ತಲೆಗೆ ಕೈ ಹೊತ್ತರು. ಅಣ್ಣ ಪಕ್ಕದವನಿಗೆ ಹೇಳಿದ್ದು ನನಗೆ ಕೇಳಿಸಿತು. “ನೋಡ್ಲಾ, ನನ್ ತಂಗಿ ಮೀನಿಗೆ ಹರಿಕಥೆ ಮಾಡ್ತಾವಳೆ.”

ಮತ್ತೆ ಮುಳುಗಿಸಿದೆ. ಮತ್ತೆ. ಏನೂ ಆಗಲಿಲ್ಲ. ಬೆಂಡು ಬೊಂಬೆಯ ಹಾಗೆ ನಿಂತಿತ್ತು. ಬಿಸಿಲು ಏರಿತು. ನನಗೆ ಮೀನಿನ ಮೇಲೂ ಸಿಟ್ಟು, ಕೆರೆಯ ಮೇಲೂ ಸಿಟ್ಟು, ನನ್ನ ಒಡಲಿನ ಮೇಲೂ ಸಿಟ್ಟು. ನಾಳೆ ಸೋಮವಾರ. ಆ ಕೊಳವೆಗೆ ಕಿವಿ ಕೊಟ್ಟು ಡಾಕ್ಟರಮ್ಮ ಏನು ಹೇಳುತ್ತಾರೋ ಎಂಬ ಹೆದರಿಕೆಯನ್ನು ಕೈಗೆ ಹಾಕಿ ಬಿಂದಿಗೆಯನ್ನು ಒತ್ತಿದೆ. ಗುಳುಂ, ಗುಳುಂ. ಎರಡು ತಿಂಗಳು ಸದ್ದು ಕೇಳದ ಮೀನು ಒಂದೇ ಸಲಕ್ಕೆ ಬರುತ್ತದೆಯೇ? ಮರೆತು ಬೇರೆ ಕಡೆ ಹೋಗಿರಬಹುದು. ಅವ್ವ ಮೇಲಿನ ಮೆಟ್ಟಿಲಿಂದ “ಸಾಕು ಬಾ ಮಗಾ” ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಆಗ ಹೊಟ್ಟೆಯ ಬಳಿ ಏನೋ ಬಡಿಯಿತು.

ಮೀನೇ ಬಂತು, ಬಾಲ ಬಿಂದಿಗೆಗೆ ತಾಕಿತು ಎಂದುಕೊಂಡೆ. ಬಗ್ಗಿ ನೋಡಿದೆ. ನೀರು ತಿಳಿಯಾಗಿತ್ತು, ನನ್ನ ಕಾಲ್ಬೆರಳುಗಳು ಕಾಣುತ್ತಿದ್ದವು, ಮೀನಿಲ್ಲ. ಬಿಂದಿಗೆಯನ್ನು ಇನ್ನೊಮ್ಮೆ ಬೋರಲು ಮಾಡಿ, ಉಸಿರು ಹಿಡಿದು ಒತ್ತಿದೆ. ಗುಳುಂ ಎಂದದ್ದೇ, ಮತ್ತೆ ಬಡಿಯಿತು. ಬಿಂದಿಗೆಗಲ್ಲ. ಬಿಂದಿಗೆಯ ಈಚೆ, ನನ್ನೊಳಗೆ. ಬೆರಳ ತಟ್ಟುವಿಕೆಯಲ್ಲ ಅದು, ಒದೆತ.

ಅದೇ ಗಳಿಗೆಗೆ ಯಜಮಾನರ ಬೆಂಡು ಮುಳುಗಿ ಕಡ್ಡಿ ಬಾಗಿತು. “ಬಿತ್ತು! ಬಿತ್ತು!” ಎಂದು ಅವರು ಕೂಗಿದರು. ಏರಿಯ ಕೆಳಗಿನ ಮೌನಿಗಳೆಲ್ಲ ಎದ್ದು ಬೊಬ್ಬೆ ಹೊಡೆದರು. ನಾನು ಒಂದು ಕೈಯೆತ್ತಿ, “ಸುಮ್ನಿರ್ರೀ ಎಲ್ರೂ!” ಎಂದು ಕಿರುಚಿದೆ. ಸದ್ದಿಗಾಗಿ ಹೋರಾಡುತ್ತಿದ್ದವಳು ಆಗ ಎಲ್ಲರ ಬಾಯಿ ಮುಚ್ಚಿಸಿದೆ. ಕಿರುಚಿದ ಕೂಡಲೇ ಅಳು ಬಂತು. ಯಜಮಾನರು ನಾನು ಜಾರಿದೆ ಎಂದುಕೊಂಡು, ಕೈಯಲ್ಲಿದ್ದ ಕಡ್ಡಿಯನ್ನು ಬಿಸಾಕಿ ಪಂಚೆಸಮೇತ ನೀರಿಗೆ ಧುಮುಕಿ ಬಂದರು. ಗಾಳ, ಮೀನು ಎರಡೂ ಕೆರೆಯ ನಡುವಿಗೆ ಹೊರಟಿದ್ದವು. ಅಣ್ಣ ಅಡ್ಡ ಬಿದ್ದು ಕಡ್ಡಿಯ ತುದಿ ಹಿಡಿದುಕೊಂಡ.

“ಏನಾಯ್ತೇ? ಎಲ್ಲಿ ಪೆಟ್ಟಾಯ್ತು?”

“ಕೈ ಇಡಿ ಇಲ್ಲಿ” ಎಂದೆ. ಊರ ಗಂಡಸರ ಎದುರಿಗೆ ಗಂಡನ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಳ್ಳುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಇನ್ನೊಂದು ಕೈಯಿಂದ ಬಿಂದಿಗೆ ಒತ್ತಿದೆ. ಗುಳುಂ. ಒಳಗಿಂದ ಉತ್ತರ ಬಂತು. ಅವರ ಕೈ ಬೆಚ್ಚಿ ಹಿಂದೆ ಸರಿಯಿತು, ಮತ್ತೆ ತಾನಾಗಿ ಬಂದು ಕೂತಿತು. ಒದ್ದೆ ಪಂಚೆಯಲ್ಲಿ ನಿಂತು ಮೂಗು ಒರೆಸಿಕೊಂಡರು.

ಮೀನು ನನ್ನ ಮೊಣಕೈ ಉದ್ದವಿತ್ತು. ಅಣ್ಣ ಅದನ್ನು ತಾನೇ ಕರೆದು ತಂದವನ ಹಾಗೆ ಎತ್ತಿ ಹಿಡಿದು ಬೀದಿಯಲ್ಲೆಲ್ಲ ತೋರಿಸಿಕೊಂಡು ಬಂದ. ಅವ್ವ ಹುಣಸೆಹುಳಿ ಕಿವುಚಿ ಸಾರು ಮಾಡಿದಳು. ನಾನು ಎರಡು ಮುದ್ದೆ ಉಂಡೆ, ಒಂದು ತುತ್ತೂ ಹೊರಗೆ ಬರಲಿಲ್ಲ. ಮಾರನೆಯ ದಿನದಿಂದ ಹೆಂಗಸರು ಮೆಟ್ಟಿಲಿಗೆ ವಾಪಸಾದರಂತೆ, ಯಾರೂ ಶ್ ಎನ್ನಲಿಲ್ಲವಂತೆ. ಅದು ಆಮೇಲೆ ಅವ್ವ ಹೇಳಿದ್ದು.

ಸಂಜೆ ರಾಜಾಜಿನಗರಕ್ಕೆ ಬಂದಾಗ ಅತ್ತೆಯ ಕಣ್ಣು ಮೊದಲು ಬಿದ್ದದ್ದು ನನ್ನ ಸೀರೆಯ ಅಂಚಿನ ಕೆಸರಿನ ಮೇಲೆ. ಕೆರೆಗೆ ಇಳಿದದ್ದು ತಿಳಿದು ಬೈಯತೊಡಗಿದರು. ಅದೂ ಪಿಸುಮಾತಿನಲ್ಲಿ. ಪಿಸುಮಾತಿನಲ್ಲಿ ಬೈಯುವವರನ್ನು ನೀವು ನೋಡಿಲ್ಲದಿದ್ದರೆ ಬೈಗುಳವನ್ನೇ ನೋಡಿಲ್ಲ. ಕತ್ತಿನ ನರಗಳೆಲ್ಲ ಉಬ್ಬಿ ಬರುತ್ತವೆ. “ಹೋದ ಸಲದ್ದು ಸಾಲದಾ ನಿನಗೆ? ಇದನ್ನೂ ಕಳಕೊಂಡ್ರೆ ನಾನು ಯಾರ ಮುಖ ನೋಡ್ಕೊಂಡು ಇರ್ಲಿ?” ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟು ತಿಂಗಳು ನಾನು ಅವರ ‘ಶ್’ ಮಾತ್ರ ಕೇಳಿಸಿಕೊಂಡಿದ್ದೆ. ಅದರ ಹಿಂದಿದ್ದ ನಡುಕ ನನಗೆ ಅಂದು ಕೇಳಿಸಿತು. ನನ್ನಷ್ಟೇ ಅವರೂ ನಿದ್ದೆ ಬಿಟ್ಟಿದ್ದರು.

ಅವರ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದೆ. ತೊಟ್ಟಿಯಲ್ಲಿ ನೀರು ತುಂಬಿತ್ತು. ತೊಟ್ಟಿಗೆ ಹೊಟ್ಟೆ ತಾಗಿಸಿ ನಿಂತು ಅವರ ಕೈಯನ್ನು ಹೊಟ್ಟೆಯ ಮೇಲಿಟ್ಟು, ನಮ್ಮ ತಾಮ್ರದ ಬಿಂದಿಗೆಯನ್ನು ಬೋರಲು ಮುಳುಗಿಸಿದೆ. ಗುಳುಂ ಎಂದಾಗ ಅವರ ಬಾಯಿಂದ ಅಭ್ಯಾಸದಂತೆ ‘ಶ್’ ಹೊರಟಿತು. ಅದು ಮುಗಿಯುವ ಮೊದಲೇ ಒಳಗಿನದು ಒದೆಯಿತು.

ಅತ್ತೆ ಗೋಡೆ ಹಿಡಿದುಕೊಂಡು ಬಚ್ಚಲ ಕಲ್ಲಿನ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ ಕೈ ಚಾಚಿ, “ಕೊಡಿಲ್ಲಿ” ಎಂದು ಬಿಂದಿಗೆ ಇಸಿದುಕೊಂಡರು. ಎದ್ದು ತಾವೇ ಮುಳುಗಿಸಿದರು. ಮೊದಲ ಸಲ ಓರೆ ಮಾಡಲು ಬರದೆ ಬರೀ ನೀರು ಚೆಲ್ಲಿತು. ಎರಡನೆಯ ಸಲ ಗುಳುಂ ಎಂದಿತು. “ಏನ್ ಕೂಸೇ, ಕೇಳಿಸ್ತಾ?” ಎಂದು ನನ್ನ ಹೊಟ್ಟೆಗೆ ಕೇಳಿದರು. ಎಷ್ಟೋ ತಿಂಗಳ ಮೇಲೆ ಗಂಟಲು ಬಿಟ್ಟು ಆಡಿದ ಮಾತು ಅದು. ಹೊರಗಿದ್ದ ಯಜಮಾನರು ಬೆಚ್ಚಿ ಬಾಗಿಲಿಗೆ ಬಂದರು. ತೊಟ್ಟಿಯ ನೀರು ಬತ್ತುವಷ್ಟು ಚೆಲ್ಲಿ ಮುಗಿಸುವವರೆಗೆ ಅತ್ತೆ ಬಿಂದಿಗೆ ಬಿಡಲಿಲ್ಲ.

ಸೋಮವಾರ ಆಸ್ಪತ್ರೆಗೆ ಹೋಗಬೇಕಿತ್ತು. ಆದರೆ ಬೆಳಗ್ಗೆ ನನಗೆ ಎಚ್ಚರವಾದದ್ದು ಹೊತ್ತೇರಿದ ಮೇಲೆ, ಅಡುಗೆಮನೆಯ ಗಡಗಡ ಸದ್ದಿಗೆ. ಗೋಣಿಚೀಲ ಮೂಲೆಯಲ್ಲಿ ಬಿದ್ದಿತ್ತು. ಅತ್ತೆ ಒರಳಿನ ಮುಂದೆ ಕೂತು ಚಟ್ನಿ ರುಬ್ಬುತ್ತಿದ್ದರು, ಚಟ್ನಿಗೆ ಬೇಕಾದದ್ದಕ್ಕಿಂತ ಬಹಳ ಜೋರಾಗಿ.